ಬಾಣಂತಿ ಕೋಣೆಯ ಬೆಂಕಿ

"ಬರ್ರಿ ಅಮ್ಮಾರ, ಲಗೂನ ಒಳಗ ಬರ್ರಿ. ಬಾಣಂತಿಗಿ ಗಾಳಿ ಬಡೀತದ!"

ನನ್ನನ್ನು ಎಳೆದುಕೊಂಡವಳೇ ಮಲ್ಲಮ್ಮ ಬಾಗಿಲು ಹಾಕಿದಳು. ನಮ್ಮ ಫರೀದಾಬಾದ್ ಮನೆಯಲ್ಲಿ ಪಾತ್ರೆ ತೊಳೆಯುವ ಯಾದಗಿರಿಯ ಹೆಂಗಸು. ಅವಳ ಸೊಸೆ ಶರಣಮ್ಮ ಹೆತ್ತಿದ್ದಳು. ಕೂಸಿಗೆ ಟೋಪಿ ಹೆಣೆದುಕೊಂಡು ಹೋಗಿದ್ದೆ. (ಕಾನ್ವೆಂಟಿನ ನೀಡಲ್‌ವರ್ಕ್ ಕ್ಲಾಸಿನಿಂದ ಉಳಿದದ್ದು ಅದೊಂದೇ.)

ಹೊರಗೆ ಜನವರಿಯ ಮಂಜು. ಒಳಗೆ? ಆಹಾ! ಮೂಲೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ, ಮೇಲೆ ಚಿಟಿಕೆ ಲೋಬಾನ. ನನ್ನಜ್ಜಿ ಬಾಣಂತಿ ಕೋಣೆಗೆ ಹೀಗೇ ಹೊಗೆ ಹಾಕುತ್ತಿದ್ದರು. ದೆಹಲಿ ಕಡೆಗೆ ಬಂದ ಮೇಲೆ ಆ ಪರಿಮಳವೇ ಮರೆತುಹೋಗಿತ್ತು. ಸುಮ್ಮನೆ ಕಣ್ಣು ಮುಚ್ಚಿ ಕುಳಿತೆ.

"ತಲಿ ಸಿಡ್ಯಾಕತ್ತದ್ರಿ," ಎಂದಳು ಶರಣಮ್ಮ.

"ಥಂಡಿಗಿ ಹಂಗ. ಇನ್ನೊಂದೀಟು ಇದ್ದಿಲು ಹಾಕ್ತೀನಿ ತಡಿ," ಎಂದಳು ಅತ್ತೆ.

ನನ್ನ ತಲೆಯೂ ಭಾರವಾಗಿತ್ತು. ಬಿ.ಪಿ. ಇರಬೇಕು ಎಂದುಕೊಂಡೆ. (ನಮ್ಮ ವಯಸ್ಸಿನಲ್ಲಿ ಎಲ್ಲದಕ್ಕೂ ಬಿ.ಪಿ.ಯೇ.) ಗೋಡೆ ಪಕ್ಕ ಮಲಗಿದ್ದ ಮಲ್ಲಮ್ಮನ ದೊಡ್ಡ ಮೊಮ್ಮಗಳು ಭಾಗ್ಯಳಿಗೆ ಚಾಕೊಲೇಟ್ ತಂದಿದ್ದೆ. ಕರೆದೆ. ಏಳಲಿಲ್ಲ. ಅಲುಗಾಡಿಸಿದೆ. ಊಹೂಂ. ಚಾಕೊಲೇಟ್ ಎಂದರೆ ಗಲ್ಲಿಯ ತುದಿಯಿಂದ ಓಡಿಬರುವ ಹುಡುಗಿ!

ಆಗ ಕಿಟಕಿಯತ್ತ ನೋಡಿದೆ. ಪ್ಲಾಸ್ಟಿಕ್ ಹೊದಿಸಿ ಸುತ್ತ ಟೇಪ್ ಹಚ್ಚಿದ್ದರು. ಬಾಗಿಲ ಸಂದಿಗೆ ಹಳೆಯ ಸೀರೆ. ಮೈ ಗಾಡ್! ಅಜ್ಜಿಯ ಮನೆಗೆ ಹೆಂಚಿನ ಮಾಡು, ಸಾವಿರ ಸಂದಿ. ಇಲ್ಲಿ ಹೊಗೆ ಎಲ್ಲಿಗೆ ಹೋಗಬೇಕು?

ಬಾಗಿಲಿಗೆ ಕೈ ಹಾಕಿದೆ. "ಬ್ಯಾಡ್ರಿ ಅಮ್ಮಾರ, ಕೂಸು ಸಾಯ್ತದ!" ಮಲ್ಲಮ್ಮ ನನ್ನ ಕೈ ಹಿಡಿದಳು.

"ತೆಗೆಯದಿದ್ದರೆ ಎಲ್ಲರೂ ಸಾಯ್ತೀವಿ ಕಣೇ!"

ಕೈ ಕೊಸರಿಕೊಂಡು ಬಾಗಿಲು ತೆಗೆದೆ. ಭಾಗ್ಯಳನ್ನು ಹೊರಗೆಳೆದೆವು. ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು. ಆಟೋ ಭಯ್ಯಾ ಎಲ್ಲರನ್ನೂ ಆಸ್ಪತ್ರೆಗೆ ಮುಟ್ಟಿಸಿದ. ಆಕ್ಸಿಜನ್ ಕೊಟ್ಟರು. ಎಲ್ಲರೂ ಉಳಿದರು.

ಇದ್ದಿಲಿನಿಂದ ಏಳುವ ವಿಷದ ಗ್ಯಾಸ್ ಕಾಣುವುದಿಲ್ಲ, ಅದಕ್ಕೆ ವಾಸನೆಯೂ ಇಲ್ಲ ಎಂದು ಡಾಕ್ಟರ್ ಹಿಂದಿಯಲ್ಲಿ ಹೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಮಲ್ಲಮ್ಮ ಕೇಳಿದಳು: "ಕಾಣಂಗಿಲ್ಲ, ನಾರಂಗಿಲ್ಲ ಅಂದ್ರ, ಅದ ಅಂತ ಹೆಂಗ ಗೊತ್ತಾಗ್ಬೇಕ್ರಿ?"

ನ್ಯಾಯವಾದ ಪ್ರಶ್ನೆ. ಪೋಲಿಯೋ ಹನಿ ಅವಳ ಬಾಗಿಲಿಗೇ ಬರುತ್ತದೆ. ಸೊಳ್ಳೆಯ ಪೋಸ್ಟರ್ ಗಲ್ಲಿಯಲ್ಲಿದೆ, ಹಿಂದಿಯಲ್ಲಿ. ಬಿಸಿಲ ನಾಡಿನಿಂದ ದುಡಿಯಲು ಬಂದವರಿಗೆ ಇಲ್ಲಿನ ಮೊದಲ ಚಳಿಗಾಲ ಕಳೆಯುವ ಬಗೆಯನ್ನು ಅವರ ಮಾತಿನಲ್ಲಿ ಹೇಳಿಕೊಡುವವರು ಯಾರು? ಊರಿನಲ್ಲಿ ಕೂಸನ್ನು ಕಾಯ್ದ ಬೆಂಕಿಯೇ ಇಲ್ಲಿ ಕೊಲ್ಲುತ್ತದೆ ಎಂದು ನಂಬುವುದಾದರೂ ಹೇಗೆ? ಅಷ್ಟು ಓದಿದ ನಾನೇ ಪರಿಮಳ ಸವಿಯುತ್ತ ಕುಳಿತಿರಲಿಲ್ಲವೇ?

ಇದನ್ನು ಬರೆಯುತ್ತಿರುವಾಗಲೇ ಅವಳ ಫೋನ್. "ಬೆಂಕಿ ಹೊರಗ ಇಟ್ಟೀವ್ರಿ. ಕೂಸಿನ ಕೈಕಾಲು ತಣ್ಣಗಾಗ್ಯಾವ. ಏನ್ ಮಾಡ್ಲಿ?"

"ತಾಯಿಯ ಎದೆಗೆ ಒತ್ತಿ ಮಲಗಿಸು. ಟೋಪಿ ಹಾಕು. ಮೇಲೆ ರಜಾಯಿ ಹೊದಿಸು. ನಾವು ಕಾರು ತರುತ್ತೇವೆ, ಡಾಕ್ಟರಿಗೆ ತೋರಿಸೋಣ. ಬೆಂಕಿ ಮಾತ್ರ ಒಳಗೆ ಬೇಡ. ತಿಳೀತಾ?"

"ಆಯ್ತ್ರಿ ಅಮ್ಮಾರ."

ಆ 'ಆಯ್ತ್ರಿ' ನನಗೆ ಚೆನ್ನಾಗಿ ಗೊತ್ತು. ಸೋಪು ಕಡಿಮೆ ಹಾಕು ಎಂದರೂ ಅದನ್ನೇ ಹೇಳುತ್ತಾಳೆ.

ನನ್ನ ಮಗಳು ಕಾರು ತೆಗೆಯುತ್ತಿದ್ದಾಳೆ. ಮಂಜು ಇಳಿಯುತ್ತಿದೆ.

ಅಗ್ಗಿಷ್ಟಿಕೆ ಈಗ ಬಾಗಿಲಿನ ಯಾವ ಕಡೆ ಇದೆ?