ಗಂಟೆಯಕ್ಕ ತಡಮಾಡಿದ ನಿಮಿಷಗಳು

ಆ ಮನೆಯಲ್ಲಿ ಬೆಳಗಿನ ಆರು ಗಂಟೆ ಹೊಡೆದು ಮುಗಿಯಲು ಹದಿನೇಳು ನಿಮಿಷ ಬೇಕಾಗುತ್ತಿತ್ತು. ಕೆಳಗಿನ ಗಡಿಯಾರದಂಗಡಿಯಲ್ಲಿ ಮೊದಲು ಒಂದು ದಪ್ಪ ದನಿ ಢಣ್ ಎನ್ನುತ್ತಿತ್ತು. ಅದು ಆರು ಸಲ ಹೇಳಿ ಮುಗಿಸುವಷ್ಟರಲ್ಲಿ ಮೂಲೆಯ ಪುಟ್ಟ ಗಡಿಯಾರ ಕೆಮ್ಮಿ, ಗಂಟಲು ಸರಿಮಾಡಿಕೊಂಡು ಟಿಣ್ ಟಿಣ್ ಎಂದು ಶುರುಮಾಡುತ್ತಿತ್ತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಯಾರೋ ಅಜ್ಜಿ ರಿಪೇರಿಗೆ ಕೊಟ್ಟು ಮರೆತುಹೋದ ಗಡಿಯಾರವೊಂದು ಎಲ್ಲರದೂ ಮುಗಿದ ಮೇಲೆ ನಿಧಾನವಾಗಿ ಒಂಬತ್ತು ಹೊಡೆದು ಸುಮ್ಮನಾಗುತ್ತಿತ್ತು. ಮಹಡಿಯ ಮೇಲೆ ಮಲಗಿರುತ್ತಿದ್ದ ಗಂಟೆಯಕ್ಕ ಆ ಅಜ್ಜಿಯ ಗಡಿಯಾರ ಕೇಳಿದ ಮೇಲೆಯೇ ಹೊದಿಕೆ ಸರಿಸುತ್ತಿದ್ದಳು. ಅವಳಿಗೆ ಅದು ಒಂದು ದಿನವೂ ಕೈಕೊಟ್ಟಿರಲಿಲ್ಲ.

ಅಂಗಡಿ ಅವಳ ಗಂಡನದು. ಊರವರ ಗಡಿಯಾರ ಸರಿಮಾಡುವವನ ಮನೆಯಲ್ಲಿ ಒಂದಾದರೂ ಸರಿಯಾಗಿ ನಡೆಯಬಾರದೇ ಎಂದು ಯಾರಾದರೂ ನಕ್ಕರೆ ಅವನಿಗೆ ಮೈ ಉರಿಯುತ್ತಿತ್ತು. “ಇಲ್ಲಿರೋವೆಲ್ಲ ರೋಗಿಗಳು ಸ್ವಾಮಿ. ಆಸ್ಪತ್ರೆಗೆ ಬಂದು, ಇಲ್ಲಿ ಯಾರೂ ಓಡ್ತಾನೇ ಇಲ್ಲ ಅಂತ ದೂರ್ತೀರಲ್ಲ!” ಎನ್ನುತ್ತಿದ್ದ. ಅವನ ಕೈಗಡಿಯಾರ ಮಾತ್ರ ಸೆಕೆಂಡೂ ತಪ್ಪುತ್ತಿರಲಿಲ್ಲ. ಮದುವೆಯ ಫೋಟೋದಲ್ಲಿ ಅವನು ಅದನ್ನು ನೋಡಿಕೊಂಡೇ ನಿಂತಿದ್ದಾನೆ ಎಂಬುದು ಹೆಂಡತಿಯ ಹಳೆಯ ಆರೋಪ. ಫೋಟೋ ಗೋಡೆಯ ಮೇಲೇ ಇದ್ದುದರಿಂದ ಅವನು ಎದುರಾಡುತ್ತಿರಲಿಲ್ಲ.

ಅಕ್ಕ ಕೆಲಸ ಮಾಡುತ್ತಿದ್ದ ಶಾಲೆ ಎರಡು ಬೀದಿ ಆಚೆ. ಹೆಸರಿಗೆ ಅಂತರರಾಷ್ಟ್ರೀಯ ಶಾಲೆ, ನೋಡಲು ಎರಡಂತಸ್ತಿನ ಹಳೆಯ ಮನೆ. ಎಂಬತ್ತನಾಲ್ಕು ಮಕ್ಕಳು, ಒಂಬತ್ತು ದೇಶ, ಒಂದೇ ಮೆಟ್ಟಿಲ ಸಾಲು. ಒಳಗೆ ಹೋಗುತ್ತಿದ್ದಂತೆ ಗೋಡೆಯ ಮೇಲೆ ಐದು ದೂರದೂರುಗಳ ಸಮಯ ತೋರಿಸುವ ಐದು ಗಡಿಯಾರಗಳು. ಅದರಲ್ಲೊಂದು ನಿಂತು ವರ್ಷವಾಗಿತ್ತು. ಆ ಕಡೆಯ ಮಕ್ಕಳು ಯಾರೂ ಇಲ್ಲದ್ದರಿಂದ ದೂರು ಬಂದಿರಲಿಲ್ಲ. ಪಾಠವೊಂದನ್ನು ಬಿಟ್ಟರೆ ಅಲ್ಲಿ ಎಲ್ಲವನ್ನೂ ಮಕ್ಕಳೇ ನಡೆಸಬೇಕು ಎಂಬುದು ಪ್ರಿನ್ಸಿಪಾಲ್ ಮೇಡಂ ಅವರ ನಂಬಿಕೆ. ಸೋಮವಾರದ ಸಭೆ ಮಕ್ಕಳದು, ಮಂಗಳವಾರ ಸಂಜೆಯ ತೋಟದ ಕೆಲಸ ಮಕ್ಕಳದು, ಬುಧವಾರದ ಚರ್ಚೆ, ಗುರುವಾರದ ಪುಸ್ತಕ ಹಂಚಿಕೆ ಎಲ್ಲ ಅವರದೇ. ಶುಕ್ರವಾರ ಊಟಕ್ಕೆ ಮುಂಚೆ ಮಕ್ಕಳ ಪರಿಷತ್ತು ಕೂತು ವಾರದ ತಪ್ಪು ಒಪ್ಪುಗಳನ್ನು ತೂಗುತ್ತಿತ್ತು. ಮಕ್ಕಳ ಕೈಗೆ ಹೋಗದೆ ಉಳಿದದ್ದು ಗಂಟೆ ಒಂದೇ.

ಗಂಟೆ ಎಂದರೆ ವರಾಂಡದ ತೊಲೆಗೆ ತೂಗುಬಿಟ್ಟ ಕಂಚಿನ ತಟ್ಟೆ. ಹೊಡೆಯಲು ಮರದ ಕೊಡತಿ. ಹತ್ತೊಂಬತ್ತು ವರ್ಷದಿಂದ ಆ ಕೊಡತಿ ಗಂಟೆಯಕ್ಕನದಲ್ಲದೆ ಬೇರೆ ಕೈ ಕಂಡಿರಲಿಲ್ಲ. ಅಕ್ಕ ಗಡಿಯಾರ ನೋಡುತ್ತಿರಲಿಲ್ಲ ಎಂದಲ್ಲ, ಅದೊಂದನ್ನೇ ನೋಡುತ್ತಿರಲಿಲ್ಲ. ಮಂಗಳವಾರ ಬಿಡುವು ಮುಗಿಯುವ ಹೊತ್ತಿಗೆ ಲೆಕ್ಕದ ಮೇಷ್ಟ್ರು ಮಹಡಿಯಿಂದ ಇಳಿದು ಹಿಂದಿನ ಕೋಣೆಗೆ ಹೋಗಬೇಕಿತ್ತು. ಅವರ ಬಲಮಂಡಿ ಹಟ ಹಿಡಿದು ವರ್ಷವಾಗಿತ್ತು. ಅದು ಯಾರಿಗೂ ಗೊತ್ತಾಗಬಾರದೆಂದು ಅವರು ಮೆಟ್ಟಿಲ ನಡುವೆ ನಿಂತು, ಬೆಂಕಿ ಬಿದ್ದರೆ ಏನು ಮಾಡಬೇಕೆಂಬ ಗೋಡೆಯ ಸೂಚನೆಗಳನ್ನು ಓದುತ್ತಿದ್ದರು. ಪ್ರತಿ ವಾರವೂ, ಹೊಸದಾಗಿ ನೋಡುವವರಂತೆ. ಅವರು ಕೊನೆಯ ಮೆಟ್ಟಿಲು ಇಳಿದ ಮೇಲೆಯೇ ಕೊಡತಿ ಮೇಲೇಳುತ್ತಿತ್ತು. ಗುರುವಾರ ಊಟವಾದ ಮೇಲೆ ಪ್ರಿನ್ಸಿಪಾಲ್ ಮೇಡಂ ಕಣ್ಣುಮುಚ್ಚಿಕೊಂಡು ಕಡತ ನೋಡುತ್ತಿದ್ದರು. ತಟ್ಟೆ ಅವರ ಕಿಟಕಿಯ ಪಕ್ಕದಲ್ಲೇ, ಕಡತ ಮುಗಿಯುವವರೆಗೆ ಅದು ಸುಮ್ಮನಿರುತ್ತಿತ್ತು. ಊಟದ ಗಂಟೆಗೆ ಅಡುಗೆಯಣ್ಣ ಕಿಟಕಿಯಲ್ಲಿ ಟವೆಲ್ ಬೀಸಬೇಕಿತ್ತು. ಬೀಸಿದನೆಂದರೆ ಬೆಂದಿದೆ ಎಂದರ್ಥ.

ಇನ್ನು ಬುಧವಾರದ ಬೆಳಿಗ್ಗೆ. ಆ ದಿನ ಬೀದಿಯ ತಿರುವಿನಲ್ಲಿ ಇಬ್ಬರು ಹುಡುಗಿಯರು ಓಡಿಬರುತ್ತಿದ್ದರು. ದೊಡ್ಡವಳ ಕೈಯಲ್ಲಿ ತಂಗಿಯ ಒಂದು ಶೂ, ತಂಗಿಯ ಕಾಲಲ್ಲಿ ಇನ್ನೊಂದು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರಮ್ಮನಿಗೆ ಮಂಗಳವಾರ ರಾತ್ರಿಪಾಳಿ. ತಂಗಿಯನ್ನು ಎಬ್ಬಿಸಿ, ತಲೆ ಬಾಚಿ, ಎಳೆದು ತರುವುದೆಲ್ಲ ದೊಡ್ಡವಳ ಪಾಲಿಗೆ. ಅವರು ತಿರುವಿನಲ್ಲಿ ಕಂಡರೆ ಗಂಟೆಯಕ್ಕ ಹೆಗಲ ಮೇಲಿನ ಬಟ್ಟೆ ತೆಗೆದು, ಹೊಳೆಯುತ್ತಿದ್ದ ತಟ್ಟೆಯನ್ನು ಇನ್ನೂ ಒರೆಸುತ್ತ ನಿಲ್ಲುತ್ತಿದ್ದಳು. ಇಬ್ಬರೂ ಗೇಟು ದಾಟಿದ ಮೇಲೆ ಢಣ್.

ಆ ದೊಡ್ಡವಳೇ ಮಕ್ಕಳ ಪರಿಷತ್ತಿನ ಅಧ್ಯಕ್ಷೆ. ಹದಿನಾಲ್ಕು ವರ್ಷ, ಕನ್ನಡಕ, ಕಂಕುಳಲ್ಲಿ ಸದಾ ಒಂದು ಫೈಲು. ಸೇರಿದ ಎರಡು ವರ್ಷದಲ್ಲಿ ಒಂದು ದಿನವೂ ತಡವಾಗಿ ಬಂದವಳಲ್ಲ ಎಂಬುದು ಅವಳ ದೊಡ್ಡ ಹೆಮ್ಮೆ. ಚುನಾವಣೆಯಲ್ಲಿ ಅದನ್ನೇ ಹೇಳಿ ಗೆದ್ದಿದ್ದಳು.

ಒಂದು ಸೋಮವಾರ ಸಭೆಯಲ್ಲಿ ಅವಳು ದೊಡ್ಡ ಹಾಳೆಯೊಂದನ್ನು ಬಿಚ್ಚಿ ಗೋಡೆಗೆ ಅಂಟಿಸಿದಳು. ಮೇಲೆ ಕೆಂಪು ಅಕ್ಷರದಲ್ಲಿ ‘ನಮ್ಮ ಗಂಟೆ ಎಷ್ಟು ಸುಳ್ಳು ಹೇಳುತ್ತದೆ?’ ಎಂದಿತ್ತು. ಪರಿಷತ್ತಿನವರು ಎರಡು ವಾರ ಗುಟ್ಟಾಗಿ ಅಳತೆ ತೆಗೆದಿದ್ದರು. ಮಂಗಳವಾರ ನಾಲ್ಕು ನಿಮಿಷ ತಡ. ಬುಧವಾರ ಬೆಳಿಗ್ಗೆ ಮೂರು. ಊಟದ ಗಂಟೆಗೆ ತಲೆಬುಡವೇ ಇರಲಿಲ್ಲ. ಗುರುವಾರದ್ದು ಒಂಬತ್ತು ನಿಮಿಷ. ನಕ್ಷೆಯಲ್ಲಿ ಅದರ ಕಂಬ ಹಾಳೆಗೆ ಹಿಡಿಸದೆ ಮೇಲೆ ಇನ್ನೊಂದು ಹಾಳೆ ಅಂಟಿಸಿದ್ದರು.

ಹಿಂದೆ ಕಂಬಕ್ಕೊರಗಿ ನಿಂತಿದ್ದ ಗಂಟೆಯಕ್ಕನ ಮುಖ ಬಿಸಿಯಾಯಿತು. ಸಭೆ ಮುಗಿದ ಮೇಲೆ ಅಧ್ಯಕ್ಷೆ ನೇರ ಅವಳ ಬಳಿಗೇ ಬಂದಳು.

“ಗಂಟೆಯಕ್ಕಾ, ಬೇಜಾರು ಮಾಡ್ಕೋಬೇಡಿ. ದೂರು ನಿಮ್ಮ ಮೇಲಲ್ಲ, ಗಂಟೆ ಮೇಲೆ.”

“ಗಂಟೆ ತಾನಾಗೇ ಹೊಡ್ಕೊಳ್ಳುತ್ತೇನಮ್ಮ?”

“ಅದೇ! ತಾನಾಗೇ ಹೊಡ್ಕೊಳ್ಳೋದು ತರೋಣ ಅಂತ ನಮ್ಮ ಐಡಿಯಾ.”

ಮುಂದಿನ ವಾರ ವಿದ್ಯುತ್ ಗಂಟೆಯ ಪರೀಕ್ಷೆ, ಆ ಶುಕ್ರವಾರ ಪರಿಷತ್ತಿನಲ್ಲಿ ಮತ. ಕೈಗಳು ಯಂತ್ರದ ಪರವಾದರೆ ಕಂಚಿನ ತಟ್ಟೆ ಉಗ್ರಾಣಕ್ಕೆ. ಅಕ್ಕನನ್ನೇನೂ ಕೆಲಸದಿಂದ ಬಿಡಿಸುವುದಿಲ್ಲವೆಂದು ಅಧ್ಯಕ್ಷೆ ಭರವಸೆ ಕೊಟ್ಟಳು. ಗೇಟಿನ ಹತ್ತಿರ ಮೇಜು ಹಾಕಿ, ತಡವಾಗಿ ಬಂದವರ ಹೆಸರು ಬರೆಯುವ ಪುಸ್ತಕ ಕೊಡುತ್ತಾರಂತೆ. ಕೂತು ಮಾಡುವ ಕೆಲಸ.

ಅಕ್ಕ ತಲೆಯಾಡಿಸಿದಳು. ಕೊಡತಿ ಹಿಡಿದಿದ್ದ ಕೈ ಮಾತ್ರ ಸಡಿಲವಾಗಲಿಲ್ಲ.

ಆ ಸಂಜೆ ಗಂಡ ಕುಣಿಯುತ್ತಲೇ ಮೆಟ್ಟಿಲು ಹತ್ತಿದ.

“ಲೇ, ಇವತ್ತು ಒಳ್ಳೆ ಕೆಲಸ ಬಂತು ಕಣೇ! ಯಾವುದೋ ಶಾಲೆಗೆ ಆಟೋಮ್ಯಾಟಿಕ್ ಬೆಲ್ಲು ಬೇಕಂತೆ. ಮೂರು ಮಕ್ಕಳು ಬಂದಿದ್ವು.”

“ಯಾವುದೋ ಶಾಲೆ ಅಂದ್ರೆ? ಬಟ್ಟೆ ನೋಡಿ ಗೊತ್ತಾಗ್ಲಿಲ್ವಾ?”

“ಬಟ್ಟೆ ಯಾರು ನೋಡ್ತಾರೆ? ವಾಚು ನೋಡ್ದೆ. ಕನ್ನಡಕದ ಹುಡುಗಿ ವಾಚು, ಆಹಾ, ನನ್ನದರ ಜೊತೆ ಸೆಕೆಂಡಿಗೆ ಸೆಕೆಂಡು! ಅಲ್ಲಿ ಗಂಟೆ ಹೊಡೆಯೋರು ಯಾರೋ ಟೈಮಿನ ಗಂಧವೇ ಇಲ್ಲದವರಂತೆ. ಒಂಬತ್ತು ನಿಮಿಷ ತಡ ಮಾಡ್ತಾರಂತೆ, ನೋಡು. ಅಂಥೋರನ್ನ…”

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವನ ಮಾತು ಕೀಲಿ ಮುಗಿದ ಗಡಿಯಾರದ ಹಾಗೆ ನಿಧಾನವಾಗಿ ನಿಂತಿತು.

“ಒಪ್ಕೊಂಡುಬಿಟ್ರಾ?”

“ಗಿರಾಕಿ ಅಂದ್ಮೇಲೆ… ಮಾತು ಕೊಟ್ಟಾಗಿದೆ.”

“ಸರಿ,” ಎಂದಳು ಅಕ್ಕ. ಅಷ್ಟೇ. ಆ ‘ಸರಿ’ಯ ತೂಕ ಅವನಿಗೆ ಎಂಟು ಗಂಟೆಗೆ ತಿಳಿಯಿತು. ಸರಿಯಾಗಿ ಎಂಟಕ್ಕೆ ಊಟದ ತಟ್ಟೆ ಅವನ ಮುಂದೆ ಬಂತು.

“ಇದು ಬೆಂದೇ ಇಲ್ವಲ್ಲೇ.”

“ಎಂಟು ಗಂಟೆ ಆಯ್ತಲ್ಲ.”

ಅವನು ಕೈಗಡಿಯಾರ ನೋಡಿಕೊಂಡ. ಆಗಿತ್ತು. ಕರಕರ ಅಗಿದ. ಆ ವಾರವಿಡೀ, ಅದರ ಮರುವಾರವೂ, ಆ ಮನೆಯಲ್ಲಿ ಊಟ ಒಂದು ಸೆಕೆಂಡೂ ತಡವಾಗಲಿಲ್ಲ.

ಯಂತ್ರದ ಪರೀಕ್ಷೆಯ ವಾರ ಬಂತು. ಪರಿಷತ್ತಿನವರು ಕಂಚಿನ ತಟ್ಟೆಗೆ ಹಳೆಯ ಪತ್ರಿಕೆ ಸುತ್ತಿ, ‘ವಿಶ್ರಾಂತಿಯಲ್ಲಿ’ ಎಂದು ಬರೆದು ಅಂಟಿಸಿದರು. ಪಕ್ಕದಲ್ಲಿ ಗಂಡ ಕೂರಿಸಿಹೋದ ಯಂತ್ರ. ಅದು ಹೊಡೆಯುತ್ತಿರಲಿಲ್ಲ, ಕಿರುಚುತ್ತಿತ್ತು. ಅಕ್ಕ ಗೇಟಿನ ಮೇಜಿನಲ್ಲಿ ಖಾಲಿ ಪುಸ್ತಕ ತೆರೆದು ಕೂತಳು. ಕೈ ಸುಮ್ಮನಿರದೆ ಮೇಜನ್ನೇ ಒರೆಸುತ್ತಿತ್ತು.

ಮಂಗಳವಾರ ಗಂಟೆ ಕಿರುಚಿದಾಗ ಮಕ್ಕಳೆಲ್ಲ ಹಿಂದಿನ ಕೋಣೆಯಲ್ಲಿ ಕೂತು ಬಾಗಿಲ ಕಡೆ ನೋಡಿದರು. ಅಲ್ಲಿಂದ ಮೆಟ್ಟಿಲು ಕಾಣುತ್ತದೆ. ಲೆಕ್ಕದ ಮೇಷ್ಟ್ರು ಇಳಿಯುತ್ತಿದ್ದರು. ಒಂದು ಮೆಟ್ಟಿಲಿಗೆ ಎರಡೂ ಕಾಲು, ಆಮೇಲೆ ಮುಂದಿನದು. ಮಕ್ಕಳು ನೋಡುತ್ತಿದ್ದಾರೆಂದು ತಿಳಿದು ಅವರು ಗೋಡೆಯ ಸೂಚನೆ ಓದತೊಡಗಿದರು. ಕೋಣೆಯಲ್ಲಿ ಯಾರೂ ನಗಲಿಲ್ಲ.

ಬುಧವಾರ ಅಧ್ಯಕ್ಷೆ ತಂಗಿಯ ಶೂ ಹಿಡಿದು ತಿರುವು ದಾಟುವಷ್ಟರಲ್ಲಿ ಯಂತ್ರ ಕಿರುಚಿಬಿಟ್ಟಿತ್ತು. ಅವಳು ಗೇಟಿನಲ್ಲೇ ಕಲ್ಲಾದಳು. ಅಕ್ಕ ಪುಸ್ತಕ ಮುಚ್ಚಿ, “ಹೋಗು ಹೋಗು, ಪೆನ್ನು ಬರೀತಿಲ್ಲ,” ಎಂದಳು. ಆದರೆ ಪರಿಷತ್ತಿನ ಉಪಾಧ್ಯಕ್ಷ ಅಲ್ಲೇ ನಿಂತಿದ್ದ. ಅವನಿಗೆ ನಿಯಮವೆಂದರೆ ಪ್ರಾಣ. ತನ್ನದೇ ಪೆನ್ನು ತೆಗೆದು, ಕ್ಷಮಿಸು ಎನ್ನುತ್ತಲೇ, ಮೊದಲ ಪುಟದ ಮೊದಲ ಸಾಲಿನಲ್ಲಿ ಅವಳ ಹೆಸರು ಬರೆದ.

ಗುರುವಾರ ಯಂತ್ರ ಕಿರುಚಿದ ಕೂಡಲೇ ಪ್ರಿನ್ಸಿಪಾಲ್ ಮೇಡಂ ಕೋಣೆಯಿಂದ “ಒಪ್ಪಿಗೆ ಇದೆ!” ಎಂಬ ಕೂಗು ಕೇಳಿಸಿತು. ಹೊರಗೆ ಬಂದಾಗ ಅವರ ಕೆನ್ನೆಯ ಮೇಲೆ ಫೈಲಿನ ಕ್ಲಿಪ್ಪಿನ ಗುರುತಿತ್ತು. ಊಟದ ಕಥೆಯಂತೂ ದಿನವೂ ಒಂದೇ. ಎಂಬತ್ತನಾಲ್ಕು ಖಾಲಿ ತಟ್ಟೆಗಳು ಸಾಲಿನಲ್ಲಿ, ಒಲೆಯ ಮೇಲೆ ಕಲ್ಲಿನಂಥ ಆಲೂಗಡ್ಡೆ, ಅಡುಗೆಯಣ್ಣನ ಬಾಯಲ್ಲಿ ಮಕ್ಕಳು ಕೇಳಬಾರದ ಮಾತು.

ಶುಕ್ರವಾರ ಪರಿಷತ್ತು ಸೇರಿತು. ಗಂಟೆಯಕ್ಕನನ್ನು ಸಾಕ್ಷಿ ಹೇಳಲು ಕರೆಸಿ, ಮಕ್ಕಳ ಕುಳ್ಳು ಕುರ್ಚಿಯಲ್ಲಿ ಕೂರಿಸಿದರು. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಮೇಷ್ಟ್ರು, ಮೇಡಂ ಹಿಂದಿನ ಬೆಂಚಿನಲ್ಲಿದ್ದರು. ಅಧ್ಯಕ್ಷೆ ಯಾಕೋ ಫೈಲು ತೆರೆಯಲೇ ಇಲ್ಲ. ಉಪಾಧ್ಯಕ್ಷನೇ ಎದ್ದ.

“ಮಂಗಳವಾರ ನಾಲ್ಕು ನಿಮಿಷ ತಡ. ಯಾಕೆ?”

ನಿಜ ಹೇಳಿದರೆ ತಟ್ಟೆ ಉಳಿಯುತ್ತದೆಂದು ಅಕ್ಕನಿಗೆ ಗೊತ್ತಿತ್ತು. ಮೇಷ್ಟ್ರು ಬಲಮಂಡಿಯನ್ನು ಎರಡೂ ಕೈಯಲ್ಲಿ ಮುಚ್ಚಿ ಕೂತಿದ್ದೂ ಕಾಣುತ್ತಿತ್ತು.

“ಕೈ ನೋಯುತ್ತೆ,” ಎಂದಳು.

“ಮಂಗಳವಾರ ಮಾತ್ರ ನೋಯುತ್ತಾ?”

“ಗುರುವಾರಾನೂ ನೋಯುತ್ತೆ.”

“ಗುರುವಾರ ಒಂಬತ್ತು ನಿಮಿಷ!”

“ಅವತ್ತು ಬಹಳ ನೋಯುತ್ತೆ.”

ಮೇಡಂ ಫ್ಯಾನಿನ ರೆಕ್ಕೆಗಳನ್ನು ಎಣಿಸುತ್ತಿದ್ದರು.

“ಬುಧವಾರ?”

ಅಕ್ಕನ ಕಣ್ಣು ತಪ್ಪಿ ಅಧ್ಯಕ್ಷೆಯ ಕಡೆ ಹೋಗಿ, ಕೂಡಲೇ ನೆಲಕ್ಕೆ ಬಿತ್ತು. “ಬುಧವಾರ ತಟ್ಟೆ ಒರೆಸ್ತೀನಪ್ಪ. ಧೂಳು.”

ಉಪಾಧ್ಯಕ್ಷ ‘ಧೂಳು’ ಎಂದು ಬರೆದುಕೊಂಡ. ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು.

“ಧೂಳಲ್ಲ,” ಎಂದಳು. “ನಾನು.”

ಯಾರಿಗೂ ಅರ್ಥವಾಗಲಿಲ್ಲ.

“ಎರಡು ವರ್ಷದಿಂದ ಬುಧವಾರ ನಾನು ಬರೋದೇ ತಡ. ನನಗೇ ಗೊತ್ತಿರಲಿಲ್ಲ. ಓಡೋವಾಗ ವಾಚ್ ನೋಡೋಕಾಗಲ್ಲ ಅಲ್ವಾ. ನಾವು ಒಳಗೆ ಬಂದ ಮೇಲೇ ಅಕ್ಕ ಹೊಡೀತಿದ್ರು. ಚುನಾವಣೆಲಿ ನಾನು ಹೇಳಿದ್ದು ಸುಳ್ಳಾಯ್ತು. ಬರ್ಕೋ.”

ಉಪಾಧ್ಯಕ್ಷ ಬರೆದುಕೊಂಡ. ಹಿಂದಿನ ಬೆಂಚು ಕಿರುಗುಟ್ಟಿತು. ಲೆಕ್ಕದ ಮೇಷ್ಟ್ರು ಬೆಂಚು ಹಿಡಿದು ಏಳುತ್ತಿದ್ದರು.

“ಮಂಗಳವಾರದ ಅಳತೆ ತಪ್ಪು,” ಎಂದರು ಸಿಡಿಮಿಡಿಯಿಂದ. “ನಾಲ್ಕಲ್ಲ, ಮೂರೂ ಮುಕ್ಕಾಲು. ನನ್ನ ಮಂಡಿ ನನಗೆ ಗೊತ್ತಿಲ್ವಾ?”

ಈಗ ಎಲ್ಲರೂ ಮೇಡಂ ಕಡೆ ತಿರುಗಿದರು. ಅವರು ಎದ್ದು, ಗಂಭೀರವಾಗಿ ಗೋಡೆಯ ಹತ್ತಿರ ಹೋಗಿ, ಹಾಳೆಯ ಮೇಲೆ ಅಂಟಿಸಿದ್ದ ಇನ್ನೊಂದು ಹಾಳೆಯನ್ನು ಕಿತ್ತು ಮಡಿಸಿ ಕೈಚೀಲಕ್ಕೆ ಹಾಕಿಕೊಂಡರು. “ಗುರುವಾರದ್ದು ನಾನು ಆಮೇಲೆ ಪರಿಶೀಲಿಸ್ತೀನಿ.”

ಆಗಲೇ ಯಂತ್ರ ಕಿರುಚಿತು. ಊಟದ ಹೊತ್ತು, ಸರಿಯಾಗಿ ಹನ್ನೆರಡೂವರೆ. ಒಬ್ಬರೂ ಏಳಲಿಲ್ಲ. ಆಲೂಗಡ್ಡೆಯ ವಿಷಯದಲ್ಲಿ ಎಲ್ಲರಿಗೂ ಒಂದು ವಾರದ ಅನುಭವವಿತ್ತು.

“ಕಂಚಿನ ತಟ್ಟೆಯೇ ಇರಲಿ ಅನ್ನೋರು ಕೈ ಎತ್ತಿ,” ಎಂದಳು ಅಧ್ಯಕ್ಷೆ. ಕೈಗಳೆಲ್ಲ ಎದ್ದವು. ಉಪಾಧ್ಯಕ್ಷ ಎಣಿಸಿ, ಬರೆದು, ಕೊನೆಗೆ ತಾನೂ ಎತ್ತಿದ.

“ಆ ಮೆಷೀನು?” ಎಂದು ಯಾರೋ ಕೇಳಿದರು.

“ಅಂಗಡಿಗೆ ವಾಪಸ್ ಕಳಿಸಿ,” ಎಂದಳು ಅಕ್ಕ. “ಅಲ್ಲಿ ರೋಗಿಗಳ ಜೊತೆ ಇರ್ಲಿ. ನಮ್ಮೆಜಮಾನ್ರಿಗೆ ನಾನೇ ಹೇಳ್ತೀನಿ. ಇವತ್ತು ಬೆಂದಿದ್ದೇ ಬಡಿಸ್ತೀನಿ, ಅವರೇನೂ ಅನ್ನಲ್ಲ.” ಅವಳು ಕುಳ್ಳು ಕುರ್ಚಿಯಿಂದ ಏಳಲು ಹೊರಟರೆ ಕುರ್ಚಿಯೂ ಜೊತೆಗೇ ಎದ್ದಿತು. ಇಬ್ಬರು ಹಿಡಿದೆಳೆದು ಬಿಡಿಸಿದರು.

ಅಧ್ಯಕ್ಷೆ ಓಡಿಹೋಗಿ ತಟ್ಟೆಯ ಪತ್ರಿಕೆ ಹರಿದು, ಕೊಡತಿ ಹಿಡಿದುಕೊಂಡು ಬಂದಳು. ಅದನ್ನು ಅಕ್ಕನ ಪಕ್ಕದಲ್ಲಿಟ್ಟು, ಫೈಲು ತೆರೆದು ಹೊಸ ಹಾಳೆ ತೆಗೆದಳು. ಅವಳಿಗೆ ಅಳತೆ ಬಿಟ್ಟು ಬದುಕು ಗೊತ್ತಿಲ್ಲ. “ಆದ್ರೂ ಅಕ್ಕಾ, ಯಾವಾಗ ಹೊಡೀಬೇಕು, ಎಷ್ಟು ಕಾಯ್ಬೇಕು ಅನ್ನೋದು ನಿಮಗೆ ಹೇಗೆ ಗೊತ್ತಾಗುತ್ತೆ? ಹೇಳಿ, ನಿಯಮ ಮಾಡಿ ಬರೆದಿಟ್ಕೋತೀವಿ.”

ಮೇಷ್ಟ್ರೂ ಪೆನ್ನು ತೆಗೆದರು. ಹತ್ತೊಂಬತ್ತು ವರ್ಷದಲ್ಲಿ ಗಂಟೆಯಕ್ಕನನ್ನು ಯಾರೂ ಇದನ್ನು ಕೇಳಿರಲಿಲ್ಲ. ಅವಳು ಗಂಟಲು ಸರಿಮಾಡಿಕೊಂಡಳು.

“ಅದೇನು ದೊಡ್ಡ ವಿದ್ಯೆ ಅಲ್ಲ ಮರಿ. ಮೊದಲು ಗಡಿಯಾರ ನೋಡ್ಬೇಕು. ನೋಡಿದ್ಮೇಲೆ ಅದನ್ನ ಅಲ್ಲಿಗೇ ಬಿಟ್ಟು, ಕಣ್ಣು ಎತ್ತಿ ಈ ಕಡೆ…”

ಎತ್ತಿದ ಕಣ್ಣಿಗೆ ಅಂಗಳದಾಚೆ ಅಡುಗೆಮನೆಯ ಕಿಟಕಿಯಲ್ಲಿ ಬಿಳಿ ಟವೆಲ್ ಎರಡು ಸಲ ಬೀಸಿದ್ದು ಕಂಡಿತು.

“ಈ ಕಡೆ ಏನಕ್ಕಾ?” ಎಂದಳು ಅಧ್ಯಕ್ಷೆ, ಪೆನ್ನು ಹಾಳೆಗೆ ಒತ್ತಿ ಹಿಡಿದು.

“ಈ ಕಡೆ ತಿರುಗಿ, ಯಾರು ಇನ್ನೂ…” ಎನ್ನುತ್ತಲೇ ಗಂಟೆಯಕ್ಕ ಕೊಡತಿ ಎತ್ತಿಕೊಂಡು, ಬೆಂಚುಗಳ ನಡುವೆ ದಾರಿಮಾಡಿಕೊಂಡು, ವರಾಂಡದ ಕಡೆ ನಡೆದುಬಿಟ್ಟಳು.