ಮೆಹಂದಿ ಕೈಯಲ್ಲಿ ಹೇಳಿದ ಹಾಡು

ಮದ್ದೂರಿನಲ್ಲಿ ನಮ್ಮ ಬೀದಿಯ ತುದಿಗೆ ಬೈಕ್ ರಿಪೇರಿ ಅಂಗಡಿ ಇಟ್ಟಿರುವ ಸಾಹೇಬರು ಆರ್ಕೆಸ್ಟ್ರಾದಲ್ಲಿ ಹಾಡುತ್ತಾರೆ. ಅವರ ಹದಿನಾರರ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅಪ್ಪನ ಹಾಡಿಗೆ ಅವಳು ಒಮ್ಮೆಯೂ ಹೋದವಳಲ್ಲ. ನನಗೆ ಸನ್ನೆ ಭಾಷೆ ಬರುತ್ತದೆ. ಮಂಡ್ಯದ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಕಿವುಡ ಮಕ್ಕಳೂ ನಮ್ಮೊಡನಿದ್ದರು; ಮಾತಾಡಬಾರದ ಹೊತ್ತಿನಲ್ಲಿ ನಾವೆಲ್ಲ ಕೈಯಲ್ಲೇ ಹರಟುತ್ತಿದ್ದೆವು.

ಹೋದ ವರ್ಷ ಮಳವಳ್ಳಿಯಲ್ಲೊಂದು ಮಧ್ಯಾಹ್ನದ ಕಾರ್ಯಕ್ರಮ. "ಅಕ್ಕ, ನನ್ ಹಾಡ್ನ ಅವಳ್ಗೆ ನೀವೇ ಕೈಯಲ್ಲಿ ಯೋಳ್ಬೇಕು," ಅಂದರು ಸಾಹೇಬರು. ಅವರೇ ಕಟ್ಟಿದ ಹಾಡು. ಅಂಗಡಿ ಮುಂದೆ ಊಟದ ಡಬ್ಬಿ ಹಿಡಿದು ಅಪ್ಪನಿಗೆ ಕಾಯುವ ಹುಡುಗಿಯದು. ಅದು ತಾನೇ ಎಂದು ಮಗಳಿಗೆ ಗೊತ್ತಿರಲಿಲ್ಲ. ಅವಳು ಕೈಯಲ್ಲಿ ನನಗೆ ಖಡಾಖಂಡಿತವಾಗಿ ಹೇಳಿದ್ದಳು: "ಇದೊಂದು ಸಲ ಬರ್ತೀನಿ. ಅರ್ಥ ಆಗ್ಲಿಲ್ಲ ಅಂದ್ರೆ ಎದ್ದು ಹೋಗ್ತೀನಿ. ಮತ್ತೆ ಕರೀಬೇಡಿ."

ವಾರವಿಡೀ ಒಲೆ ಮುಂದೆ ಅಭ್ಯಾಸ ಮಾಡಿದೆ. ಆದರೆ ವೇದಿಕೆ ಹತ್ತುವುದಲ್ಲವೇ ಎಂದು ಎರಡೂ ಕೈತುಂಬ ಮೆಹಂದಿ, ಬಳೆ, ಜರಿ ಸೀರೆ.

ಹಾಡು ಶುರುವಾಯಿತು. ಮುಂದಿನ ಸಾಲಿನ ಹೆಂಗಸೊಬ್ಬರು, "ಏನಮ್ಮ ಇದು, ಭರತನಾಟ್ಯವಾ?" ಅಂದರು. "ಕಿವಿ ಕೇಳ್ದಿರೋರ್ಗಂತೆ ಕಣಮ್ಮ, ಸುಮ್ಕಿರು," ಅಂದರು ಪಕ್ಕದವರು. ನಾಲ್ಕನೇ ಸಾಲಿನಲ್ಲಿ ಹುಡುಗಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಮುಖದಲ್ಲಿ ಏನೂ ಇಲ್ಲ. ಪಲ್ಲವಿ ಮುಗಿಯುವಾಗ ಮಡಿಲಲ್ಲೇ ಸಣ್ಣಗೆ ಕೈಯಾಡಿಸಿದಳು: "ಬೆರಳು ಕಾಣ್ತಿಲ್ಲ. ಬರೀ ಹೂವು, ಬಳ್ಳಿ."

ಬಳೆಗಳನ್ನು ಎಳೆದು ತೆಗೆದೆ; ಒಂದು ಒಡೆದು ಮುಂಗೈ ಗೀರಿತು. ಮೆಹಂದಿಯನ್ನು ಏನು ಮಾಡಲಿ? ಕೆಳಗಿಳಿದು ಅವಳೆದುರು ನಿಂತರೆ ಸಭೆಯೆಲ್ಲ ಅವಳನ್ನೇ ನೋಡುತ್ತದೆ. ಜನ ದಿಟ್ಟಿಸುತ್ತಾರೆಂದೇ ಅಲ್ಲವೇ ಅವಳು ಇಷ್ಟು ವರ್ಷ ಬಾರದಿದ್ದದ್ದು?

ಅವಳು ಎದ್ದಳು. ಸಾಹೇಬರ ದನಿ ಅಲ್ಲಿಗೇ ನಿಂತಿತು. "ಏನ್ಲಾ, ಗೇರ್ ಬೀಳ್ತಿಲ್ವಾ?" ಎಂದ ಕೀಬೋರ್ಡಿನವನು. ಯಾರೋ ನಕ್ಕರು.

ಬಾಗಿಲು ಹಿಂದಿತ್ತು. ಅವಳು ಮುಂದೆ ಬಂದಳು, ಅಷ್ಟು ಜನರ ಕಣ್ಣೆದುರೇ. ವೇದಿಕೆಯ ಬುಡದಲ್ಲಿ, ನನ್ನ ಕೈಗೆ ಮೂರಡಿ ದೂರದಲ್ಲಿ ನೆಲದ ಮೇಲೆ ಕೂತು, "ಮೊದಲಿಂದ," ಎಂದು ಕೈಯಲ್ಲಿ ಹೇಳಿದಳು.

ನಾನು ಅದನ್ನು ಸಾಹೇಬರಿಗೆ ಜೋರಾಗಿ ಹೇಳಿದೆ. "ಮೊದ್ಲಿಂದಾನಾ?" ಎಂದವರು ಮೈಕು ಎತ್ತಿ ಪಲ್ಲವಿಯಿಂದ ಶುರುಮಾಡಿದರು.

ಹಾಡಿನ ಎರಡನೇ ಸಾಲಿಗೆ ಅವಳು ನನ್ನ ಡಬ್ಬಿಯ ಸನ್ನೆಯನ್ನೇ ತಾನೂ ಮಾಡಿ, ಹುಬ್ಬೇರಿಸಿ, ತನ್ನ ಎದೆಗೆ ಬೆರಳಿಟ್ಟಳು. ನನ್ನ ಕೈಗಳಿಗೆ ಬಿಡುವಿರಲಿಲ್ಲ. ಹೌದೆಂದು ತಲೆಯಾಡಿಸಿದೆ.