ಒಂದು ಅಂಕಿ ನೋಡಿ ಹೆದರಬೇಡಿ ಎನ್ನುವ ಸೂಜಿ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಲ್ಯಾಬ್ ಮುಂದಿನ ಬೆಂಚಿನ ಮೇಲೆ ಖಾಲಿ ಹೊಟ್ಟೆಯಲ್ಲಿ ಬಂದವರು ಆಕಳಿಸುತ್ತ ಕೂತಿದ್ದಾರೆ. ಒಳಗೆ ಅಜ್ಜಿಯೊಬ್ಬರ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತ ಹೆಂಗಸೊಬ್ಬರು, ‘ಮೊಮ್ಮಗಳ ಮದುವೆ ಮಾತು ಎಲ್ಲಿಗೆ ಬಂತಜ್ಜಿ?’ ಎಂದು ಕೇಳುತ್ತಾರೆ. ಅಜ್ಜಿ ಬೀಗರ ಮೇಲೆ ದೂರು ಹೇಳಿ ಮುಗಿಸುವಷ್ಟರಲ್ಲಿ ರಕ್ತ ತೆಗೆದಾಗಿದೆ.

ರೋಗಿಗಳ ಬಾಯಲ್ಲಿ ಇವರು ಸೂಜಿ ಅಕ್ಕ. ಬೆಳಿಗ್ಗೆ ರಕ್ತ ತೆಗೆಯುವುದು, ಸಂಜೆ ಕಿಡ್ನಿ ರೋಗಿಗಳಿಗೆ ರಿಪೋರ್ಟ್ ಕೊಡುವುದು ಇವರ ಕೆಲಸ. ಆದರೆ ಕೊಟ್ಟು ಕೈತೊಳೆದುಕೊಳ್ಳುವ ಜಾಯಮಾನ ಅವರದಲ್ಲ.

‘ನಮ್ಮಣ್ಣನ ರಿಪೋರ್ಟ್‌ನಲ್ಲಿ ಕ್ರಿಯಾಟಿನಿನ್ ಅಂತ ದಪ್ಪಕ್ಷರದಲ್ಲಿತ್ತು. ಸಕ್ಕರೆ ಸರಿಯಿದೆಯಲ್ಲ ಅಂತ ಮನೇಲಿ ಎಲ್ರೂ ನಿರಾಳ. ಅದೇನು ಅಂತ ಯಾರೂ ಕೇಳ್ಲಿಲ್ಲ. ಕಾಲು ಊದ್ಕೊಂಡು ಉಸಿರು ಕಟ್ಟಿದಾಗ್ಲೇ ಕಿಡ್ನಿ ಕೆಟ್ಟಿದೆ ಅಂತ ಗೊತ್ತಾಗಿದ್ದು.’

ಆಮೇಲೆಯೇ ಅವರು ತರಬೇತಿ ಪಡೆದು ಲ್ಯಾಬ್ ಸೇರಿದ್ದು. ಅಣ್ಣ ಈಗಲೂ ಇದೇ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಬರುತ್ತಾರೆ. ‘ಮೆಷಿನ್ ಸಾಲ್ದು ಅಂತ ಮನೇಲೂ ರಕ್ತ ಹೀರೋಳು ಒಬ್ಳು ತಯಾರಾದ್ಲು’ ಎಂದು ತಂಗಿಯನ್ನು ರೇಗಿಸುತ್ತಾರೆ.

ಕಳೆದ ವರ್ಷ ಬಸ್ ಚಾಲಕರೊಬ್ಬರು ರಿಪೋರ್ಟ್ ನೋಡಿ ಅಲ್ಲೇ ಕುಸಿದು ಕೂತರು. ‘ನನ್ನ ಕಥೆ ಮುಗೀತಮ್ಮ’ ಎಂದರು. ಅಕ್ಕ ನೀರು ಕೊಟ್ಟು ಪಕ್ಕದಲ್ಲಿ ಕೂತರು.

‘ಒಂದು ಅಂಕಿ ನೋಡಿ ಕಥೆ ಮುಗಿಸ್ಬೇಡಿ. ಕ್ರಿಯಾಟಿನಿನ್ ಅಂದ್ರೆ ಮೈಯೊಳಗಿನ ಕಸ. ಕಿಡ್ನಿ ಅದನ್ನ ಹೊರಗೆ ಹಾಕೋದು ನಿಧಾನ ಆಗಿದೆ. ಯಾಕೆ ಅಂತ ಡಾಕ್ಟ್ರು ನೋಡ್ತಾರೆ. ನೋವಿನ ಗುಳಿಗೆ ಏನಾದ್ರೂ ತಗೋತೀರಾ?’

‘ಮಂಡಿನೋವಿಗೆ ದಿನಾ ನುಂಗ್ತೀನಿ. ಅಂಗಡೀಲಿ ಕೇಳಿ ತಗೊಳ್ಳೋದು.’

‘ಡಾಕ್ಟ್ರಿಗೆ ಹೇಳಿದ್ದೀರಾ?’

‘ಇಲ್ಲ. ಅವ್ರು ಕೇಳ್ಲಿಲ್ಲ.’

‘ಏಳಿ, ಹೇಳೋಣ.’

ಕಿಡ್ನಿಗೆ ಪೆಟ್ಟು ಕೊಡುತ್ತಿದ್ದ ಆ ಗುಳಿಗೆಯನ್ನು ವೈದ್ಯರು ನಿಲ್ಲಿಸಿದರು. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದು ಪರೀಕ್ಷೆ ಮಾಡಿಸಿದರು, ಸೋರುತ್ತಿರಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಅಂಕಿ ಇಳಿಯಿತು, ಅದರ ಮುಂದಿನದರಲ್ಲಿ ಇನ್ನಷ್ಟು. ಕಿಡ್ನಿ ಪೂರ್ತಿ ಮೊದಲಿನಂತಾಗಿಲ್ಲ. ಆದರೆ ಅವರು ಮತ್ತೆ ಬಸ್ ಓಡಿಸುತ್ತಿದ್ದಾರೆ.

‘ವಾಸಿ ಮಾಡೋರು ಡಾಕ್ಟ್ರು. ರಿಪೋರ್ಟ್ ತಗೊಂಡು ಹೋಗೋರಿಗೆ ಅದ್ರಲ್ಲಿ ಏನಿದೆ ಅಂತ ಗೊತ್ತಾದ್ರೆ ನಂಗೆ ಸಾಕು’ ಎನ್ನುತ್ತಾರೆ ಅಕ್ಕ.

ಸಂಜೆ ನಾವು ಮಾತಾಡುತ್ತಿರುವಾಗಲೇ, ರಿಪೋರ್ಟ್‌ಗೆ ಬಂದಿರುವ ಅದೇ ಚಾಲಕರ ದನಿ ಹೊರಗಿನ ಬೆಂಚಿನಿಂದ ಕೇಳುತ್ತದೆ. ರಿಪೋರ್ಟ್ ನೋಡಿ ಗಾಬರಿಬಿದ್ದ ಯುವತಿಯೊಬ್ಬಳಿಗೆ ಹೇಳುತ್ತಿದ್ದಾರೆ: ‘ಅಳ್ಬೇಡಮ್ಮ. ಹೋದ ಸಲ ಎಷ್ಟಿತ್ತು? ಎರಡನ್ನೂ ಪಕ್ಕಪಕ್ಕ ಇಟ್ಟು ನೋಡು. ಆಮೇಲೆ ಡಾಕ್ಟ್ರನ್ನ ಕೇಳು.’

ಅಕ್ಕ ನಗುತ್ತಾರೆ. ‘ನೋಡಿ, ನನ್ನ ಕೆಲ್ಸಕ್ಕೇ ಕುತ್ತು ತರ್ತಿದ್ದಾರೆ.’